ವಾಪಸ್ ಹೋದ ಸಕ್ಕರೆ ಅಚ್ಚು

ಸ್ವೀರಾ ಊರಿನಲ್ಲಿ ಕಡಲ ಕಡೆಯ ಕೋಟೆಗೋಡೆಯ ಕೆಳಗೆ ಸಾಲಾಗಿ ಮರಗೆಲಸದ ಅಂಗಡಿಗಳಿವೆ. ಅಲ್ಲಿ ಅರಾರ್ ಮರದ ಬೇರಿನಿಂದ ಚಿತ್ತಾರದ ಸಣ್ಣ ಪೆಟ್ಟಿಗೆಗಳನ್ನು ಮಾಡುತ್ತಾರೆ. ನಿಂಬೆ ಮರದ ಹಳದಿ ಚೂರುಗಳನ್ನು ಕೂರಿಸಿ, ಎಣ್ಣೆ ಹಚ್ಚಿ ಉಜ್ಜಿದರೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತವೆ. ಆ ಅಂಗಡಿಗಳಿಂದ ಹೊರಬಿದ್ದ ಯಾವ ಪೆಟ್ಟಿಗೆಯಾದರೂ ಎರಡು ಕೆಲಸವನ್ನು ತಪ್ಪದೆ ಮಾಡುತ್ತದೆ: ತೆರೆಯುತ್ತದೆ, ಮುಚ್ಚುತ್ತದೆ. ಊರವರು ಗೌರವಕ್ಕೆ ‘ಸಿ’ ಸೇರಿಸಿ ಕರೆಯುವ ಬೂಜೆಮಾ ಅವರ ಪೆಟ್ಟಿಗೆಗಳು ಇವೆರಡರಲ್ಲಿ ಒಂದನ್ನು ಮಾತ್ರ ಮಾಡುತ್ತಿದ್ದವು.

ಬೂಜೆಮಾ ವಿದ್ಯುತ್ ಕಚೇರಿಯಲ್ಲಿ ಮನೆಮನೆಯ ಮೀಟರ್ ಓದುತ್ತಿದ್ದವರು. ನಿವೃತ್ತಿಯಾದ ಮೇಲೆ ಓದಲು ಮೀಟರ್ ಇಲ್ಲದೆ ಕೈ ಕಡಿಯತೊಡಗಿತು. ತಾರಸಿಯ ಮೇಲೆ ಒಂದು ಹಳೆಯ ಮೇಜು, ಗರಗಸ, ಉಳಿ, ಅಂಟಿನ ಡಬ್ಬಿ ಜೋಡಿಸಿಕೊಂಡು ಪೆಟ್ಟಿಗೆ ಮಾಡಲು ಕೂತರು. ಮೊದಲನೆಯದು ತೆರೆದದ್ದು ಮುಚ್ಚಲಿಲ್ಲ. ಅದನ್ನು ಹೆಂಡತಿ ತಾಮೋ ಬೆಳ್ಳುಳ್ಳಿ ಹಾಕಿಡಲು ಅಡುಗೆಮನೆಗೆ ಒಯ್ದರು. ಎರಡನೆಯದು ಮುಚ್ಚಿದ್ದು ತೆರೆಯಲಿಲ್ಲ. ಅದು ಮುಚ್ಚಿಕೊಳ್ಳುವ ಮೊದಲು ತಾಮೋ ನಂಬಿಕೆಯಿಂದ ಅದರೊಳಗೆ ತಮ್ಮ ಒಂದು ಕಿವಿಯೋಲೆ ಇಟ್ಟಿದ್ದರು. ಬೂಜೆಮಾ ಆಗಾಗ ಪೆಟ್ಟಿಗೆಯನ್ನು ಹೆಂಡತಿಯ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಕೇಳಿಸ್ತಾ? ಒಳಗೇ ಇದೆ, ಎಲ್ಲೂ ಹೋಗಿಲ್ಲ" ಎಂದು ಧೈರ್ಯ ಹೇಳುತ್ತಿದ್ದರು. ತಾಮೋ ಅಂದಿನಿಂದ ತಲೆವಸ್ತ್ರವನ್ನು ಒಂದು ಕಡೆಗೆ ಎಳೆದು ಕಟ್ಟಿಕೊಳ್ಳುತ್ತಿದ್ದರು.

ಇಷ್ಟಾದರೂ ಮನುಷ್ಯನಿಗೆ ದೊಡ್ಡ ಆಲೋಚನೆಗಳು ಬರುವುದನ್ನು ತಡೆಯಲಾಗುವುದಿಲ್ಲ. ಒಂದು ಶುಕ್ರವಾರ ನಮಾಜು ಮುಗಿಸಿ, ಹೊಟ್ಟೆ ತುಂಬ ಕುಸ್ಕುಸ್ ಉಂಡು ಕೂತಾಗ ಬೂಜೆಮಾ ಅವರ ಕಣ್ಣು ಕಪಾಟಿನ ಮೇಲಿದ್ದ ಸಕ್ಕರೆ ಅಚ್ಚಿನ ಮೇಲೆ ಬಿತ್ತು. ಮೊಣಕೈಯುದ್ದದ ಗಟ್ಟಿ ಸಕ್ಕರೆ, ಬುಡ ದಪ್ಪ, ತುದಿ ಚೂಪು, ಮೈಗೆ ನೀಲಿ ಕಾಗದ. ಹೆಣ್ಣು ಕೇಳಲು ಹೋಗುವಾಗ ಈ ಅಚ್ಚು ಬೇಕು. ಸಾವಿನ ಮನೆಗೆ ಹೋಗುವಾಗಲೂ ಬೇಕು. ಜಗಳವಾಡಿ ತಪ್ಪಾಯಿತೆನ್ನಲೂ ಇದೇ ಬೇಕು. ಇಷ್ಟು ಗೌರವದ ವಸ್ತು ಬರಿ ಕಾಗದ ಸುತ್ತಿಕೊಂಡು ಬೀದಿಯಲ್ಲಿ ತಿರುಗುತ್ತದೆ. ಅದಕ್ಕೊಂದು ಪೆಟ್ಟಿಗೆ ಮಾಡಬೇಕೆಂದು ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲ ಎಂದರೆ ಹೇಗೆ? ಮುಂದಿನ ತಿಂಗಳು ತಾಮೋ ಅವರ ತಂಗಿಯ ಮಗಳ ನಿಶ್ಚಿತಾರ್ಥ. ಅಲ್ಲಿ ಷಡ್ಡಕನ ಕಣ್ಣ ಮುಂದೆ ಅರಾರ್ ಪೆಟ್ಟಿಗೆಯಿಂದ ಸಕ್ಕರೆ ಹೊರತೆಗೆಯುವ ದೃಶ್ಯವನ್ನು ನೆನೆದು ಬೂಜೆಮಾ ಒಬ್ಬರೇ ನಕ್ಕರು.

ಆದರೆ ಕೆಳಗೆ ಅಗಲ, ಮೇಲೆ ಚೂಪಾದ ಪೆಟ್ಟಿಗೆಗೆ ಹಲಗೆ ಕೊಯ್ಯುವುದು ಹೇಗೆ? ಕೇಳಬೇಕಾದವರು ಕೋಟೆಗೋಡೆಯ ಕೆಳಗೆ ಅಂಗಡಿಯಿರುವ ಮಾಲೆಮ್ ಅಲ್ಲಾಲ್. ಮಾಲೆಮ್ ಎಂದರೆ ಕೆಲಸದಲ್ಲಿ ಪಳಗಿದ ಮೇಸ್ತ್ರಿ. ಹಿಂದೊಮ್ಮೆ ಬೂಜೆಮಾ ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋದಾಗ ಅವರು, "ಅಳತೆ ತರಬೇಡಿ, ವಸ್ತು ತನ್ನಿ. ಮರದ ಮೇಲೆ ವಸ್ತುನೇ ಮಲಗಿಸಿ ಗೆರೆ ಹೊಡೀತೀವಿ ನಾವು" ಎಂದಿದ್ದರು. ಹಾಗಾಗಿ ಬೂಜೆಮಾ ಸಕ್ಕರೆ ಅಚ್ಚನ್ನೇ ಕಂಕುಳಲ್ಲಿ ಇಟ್ಟುಕೊಂಡರು. ಶುಕ್ರವಾರ ಅಂಗಡಿ ಮುಚ್ಚಿರುತ್ತದೆ, ಆದ್ದರಿಂದ ಮನೆಗೇ ಹೊರಟರು. ಮೈಮೇಲೆ ನಮಾಜಿಗೆಂದು ತೊಟ್ಟ ಬಿಳಿ ಜೆಲ್ಲಾಬಾ ನಿಲುವಂಗಿ ಇತ್ತು, ಕಾಲಲ್ಲಿ ಹಳದಿ ಚಪ್ಪಲಿ.

ಬಿಳಿ ಜೆಲ್ಲಾಬಾ, ಹಳದಿ ಚಪ್ಪಲಿ, ಶುಕ್ರವಾರ, ಸಕ್ಕರೆ ಅಚ್ಚು. ಇದು ಏನೆಂದು ಸ್ವೀರಾದ ಕಡಲಹಕ್ಕಿಗಳೂ ಹೇಳಬಲ್ಲವು. ಬೂಜೆಮಾ ಅವರಿಗೆ ಮಾತ್ರ ಹೊಳೆಯಲಿಲ್ಲ. ತಲೆಯಲ್ಲಿ ಪೆಟ್ಟಿಗೆ ಹೊಕ್ಕ ಮೇಲೆ ಅಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಮಾಲೆಮ್ ಮನೆಯಲ್ಲಿ ಬತೂಲ್ ಎಂಬ ಮದುವೆಯಾಗದ ಮಗಳಿದ್ದಾಳೆ ಎನ್ನುವುದಾಗಲಿ, ತಮ್ಮ ಮನೆಯಲ್ಲಿ ಜವಾದ್ ಎಂಬ ಮದುವೆಯಾಗದ ಮಗನಿದ್ದಾನೆ ಎನ್ನುವುದಾಗಲಿ ಅವರಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಬೀದಿಯ ತಿರುವಿನ ಚಹಾದಂಗಡಿಯಲ್ಲಿ ಮುಕದ್ದಮ್ ಮಿಲೂದ್ ಕೂತಿದ್ದರು. ಕೇರಿಯಲ್ಲಿ ಯಾರು ಬಂದರು, ಯಾರು ಹೋದರು ಎಂದು ತಿಳಿದಿಟ್ಟುಕೊಳ್ಳಲು ಸರ್ಕಾರ ನೇಮಿಸಿದ ಮನುಷ್ಯ. ಸಂಬಳ ಸಣ್ಣದು, ಆಸಕ್ತಿ ದೊಡ್ಡದು.

"ಸಿ ಬೂಜೆಮಾ, ಎಲ್ಲಿಗೆ ಹೊರಟ್ರಿ?"

"ಇಲ್ಲೇ, ಮಾಲೆಮ್ ಅಲ್ಲಾಲ್ ಮನೆಗೆ. ಒಂದು ಸಣ್ಣ ಕೆಲಸ ಇತ್ತು."

"ಸಣ್ಣದು ಅಂತೀರಲ್ಲ. ಇದಕ್ಕಿಂತ ದೊಡ್ಡ ಕೆಲ್ಸ ಯಾವುದಿದೆ? ದೇವ್ರು ಸಲೀಸು ಮಾಡ್ಲಿ."

ಕೊನೆಗೂ ಮರಗೆಲಸದ ಬೆಲೆ ತಿಳಿದ ಒಬ್ಬನಾದರೂ ಕೇರಿಯಲ್ಲಿದ್ದಾನಲ್ಲ ಎಂದು ಬೂಜೆಮಾ ಖುಷಿಪಟ್ಟರು.

ಅಲ್ಲಾಲ್ ಅವರ ಹೆಂಡತಿ ಮಹ್ಜೂಬಾ ಬಾಗಿಲು ತೆರೆದರು. ಮೊದಲು ಜೆಲ್ಲಾಬಾ ನೋಡಿದರು, ಆಮೇಲೆ ಸಕ್ಕರೆ ನೋಡಿದರು. ಮುಖ ಅರಳಿತು. ಒಳಗೆ ಬಾಗಿಲುಗಳು ಬಡಿದುಕೊಂಡವು, ಯಾರೋ ಓಡಿದರು, ಯಾರೋ ಹೊಸ ದಿಂಬು ತಂದರು. ಬೂಜೆಮಾ ಅವರನ್ನು ನಡುಮನೆಯ ಒಳ್ಳೆಯ ಜಾಗದಲ್ಲಿ ಕೂರಿಸಿದರು. ಸಕ್ಕರೆ ಅಚ್ಚು ಮೇಜಿನ ನಟ್ಟನಡುವೆ ರಾಜಗಾಂಭೀರ್ಯದಿಂದ ನಿಂತಿತು. ಬಾದಾಮಿ ಮಿಠಾಯಿ ಬಂತು. ಬರಿ ಹಲಗೆ ಕೊಯ್ಯುವ ವಿಷಯ ಕೇಳಲು ಬಂದವನಿಗೆ ಇಷ್ಟು ಆದರವೇ ಎಂದು ಬೂಜೆಮಾ ಕರಗಿಹೋದರು.

ಒಂದು ಕೆಲಸಕ್ಕೆಂದು ಹೋದವರು ಹೋದೊಡನೆ ಬಾಯಿಬಿಡುವುದು ಅಲ್ಲಿನ ಮರ್ಯಾದೆಯಲ್ಲ. ಮೊದಲು ಚಹಾ, ಆರೋಗ್ಯ, ಗಾಳಿ, ಮೀನಿನ ವಿಚಾರ. ಆಮೇಲೆ ಮತ್ತೆ ಚಹಾ. ಬತೂಲ್ ಹರಿವಾಣ ಹಿಡಿದು ಒಳಗೆ ಬಂದು ಎದುರಿಗೆ ನಿಂತಳು. ಅವಳ ಹಿಂದಿನ ಗೂಡಿನಲ್ಲಿ ಅಲ್ಲಾಲ್ ತಮ್ಮ ಮದುವೆಯ ವರ್ಷ ಮಾಡಿದ ಪೆಟ್ಟಿಗೆಯೊಂದಿತ್ತು. ಅದರ ಮೂಲೆಯ ಜೋಡಣೆಯಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ. ನಿಜವೇ ಎಂದು ಬೂಜೆಮಾ ಕತ್ತು ವಾರೆ ಮಾಡಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಮೇಲಿನಿಂದ ಕೆಳಕ್ಕೆ ಗುರಿಯಿಟ್ಟು ನೋಡಿದರು. ಬತೂಲ್ ಹರಿವಾಣ ಇಟ್ಟು ಒಳಗೆ ಹೋದಳು.

ಕೊನೆಗೆ ಧೈರ್ಯ ಮಾಡಿ ಅವರು, "ಮಾಲೆಮ್, ನಾನು ಬಂದದ್ದು ಏನಂದ್ರೆ..." ಎಂದು ಶುರುಮಾಡಿದಾಗ ಅಲ್ಲಾಲ್ ಕೈಯೆತ್ತಿ ತಡೆದರು.

"ಗೊತ್ತು, ಗೊತ್ತು. ಅವಸರ ಬೇಡ ಸಿ ಬೂಜೆಮಾ. ಇಂಥ ವಿಷಯಕ್ಕೆ ಮನೆಯವ್ರೂ ಇರ್ಬೇಕು. ಮುಂದಿನ ಶುಕ್ರವಾರ ಲಲ್ಲಾ ತಾಮೋನ ಕರ್ಕೊಂಡು ಬನ್ನಿ, ಕೂತು ಮಾತಾಡೋಣ."

ಒಂದು ಪೆಟ್ಟಿಗೆಗೆ ಹೆಂಡತಿಯ ಒಪ್ಪಿಗೆ ಯಾಕೆ ಎಂದು ಬೂಜೆಮಾ ಒಂದು ಗಳಿಗೆ ಯೋಚಿಸಿದರು. ಕಿವಿಯೋಲೆ ನೆನಪಾಯಿತು. ಮಾಲೆಮ್ ಹೇಳುವುದರಲ್ಲಿ ನ್ಯಾಯವಿದೆ ಅನ್ನಿಸಿತು. "ಆಗ್ಲಿ" ಎಂದು ಎದ್ದರು. ಆ ಮೇಲೆ, ಮಹ್ಜೂಬಾ ನೋಡುತ್ತಿರುವಂತೆಯೇ, ಮೇಜಿನ ನಡುವಿದ್ದ ಸಕ್ಕರೆ ಅಚ್ಚನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡರು.

"ಇದು ನನಗೆ ಬೇಕಾಗುತ್ತೆ" ಎಂದು ನಕ್ಕು ಹೊರಟರು. ಹಿಂದೆ ಬಾಗಿಲು ಜೋರಾಗಿ ಮುಚ್ಚಿತು. ಕಡಲಗಾಳಿ ಇರಬೇಕೆಂದುಕೊಂಡರು.

ಚಹಾದಂಗಡಿಯ ಮುಂದೆ ಬಂದಾಗ ಮಿಲೂದ್ ಅವರ ಕೈಯ ಲೋಟ ತುಟಿಯ ಹತ್ತಿರ ನಿಂತುಬಿಟ್ಟಿತು.

"ಏನಾಯ್ತು? ಬೇಡ ಅಂದ್ರಾ?"

"ಛೆ ಛೆ, ತುಂಬಾ ಮರ್ಯಾದೆ ಮಾಡಿದ್ರು. ನಾನೇ ವಾಪಸ್ ತಂದೆ."

ಆ ಒಂದು ಮಾತು ಬೂಜೆಮಾ ಅವರಿಗಿಂತ ಮೊದಲು ಅವರ ಮನೆ ತಲುಪಿತು, ಅಲ್ಲಿಂದ ಬಂದರಿಗೂ ಹೋಯಿತು. ಮಗ ಜವಾದ್ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ಅಪ್ಪ, ಇವತ್ತು ನನಗೆ ಮದ್ವೆ ಏನಾದ್ರೂ ಗೊತ್ತಾಯ್ತಾ?"

"ಇಲ್ವಲ್ಲ. ಯಾಕೋ?"

"ಮಧ್ಯಾಹ್ನ ಮೀನು ಹರಾಜು ಕೂಗೋನು ಬಂದು, ತಬ್ಬಿಕೊಂಡು, ಒಂದು ದೊಡ್ಡ ಹಾವುಮೀನು ಕೈಗೆ ಕೊಟ್ಟ. ಸಂಜೆ ಅದೇ ಮನುಷ್ಯ ಬಂದು, ಪಾಪ ಅಂತ ಬೆನ್ನು ಸವರಿ, ಮೀನು ವಾಪಸ್ ಇಸ್ಕೊಂಡು ಹೋದ."

ತಾಮೋ ಅಡುಗೆಮನೆಯಿಂದ ಹೊರಗೆ ಬಂದರು. ಬ್ರೆಡ್ಡು ಬೇಯಿಸುವ ಬೀದಿ ಒಲೆಯ ಹತ್ತಿರ ಅವರಿಗೆ ಅಷ್ಟರಲ್ಲಿ ಅರ್ಧ ಸುದ್ದಿ ಸಿಕ್ಕಿತ್ತು. ಉಳಿದ ಅರ್ಧವನ್ನು ಗಂಡನ ಬಾಯಿಂದ ತೆಗೆಯಲು ಕೂತರು.

"ಸಕ್ಕರೆ ಎಲ್ಲಿಗೆ ತಗೊಂಡು ಹೋಗಿದ್ರಿ?"

"ಮಾಲೆಮ್ ಮನೆಗೆ. ಅಳತೆಗೆ."

"ಅವರ ಮನೇಲಿ ಒಬ್ಳು ಹುಡುಗಿ ಇದಾಳೆ, ಗೊತ್ತಾ?"

"ಇದಾಳೆ. ಚಹಾ ತಂದ್ಲು."

"ಅವಳನ್ನ ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ಅವಳ ಹಿಂದೆ ಒಂದು ಪೆಟ್ಟಿಗೆ ಇತ್ತು. ಆಹಾ, ಎಂಥಾ ಜೋಡಣೆ ಅಂತೀಯ. ಅದನ್ನ ನೋಡ್ತಿದ್ದೆ."

"ಹ್ಯಾಗೆ ನೋಡಿದ್ರಿ? ತೋರಿಸಿ."

ಬೂಜೆಮಾ ಕತ್ತು ವಾರೆ ಮಾಡಿ, ಒಂದು ಕಣ್ಣು ಮುಚ್ಚಿ, ಮೇಲಿನಿಂದ ಕೆಳಕ್ಕೆ ನೋಡಿ ತೋರಿಸಿದರು. ತಾಮೋ ಮಗನ ಕಡೆ ತಿರುಗಿದರು.

"ಕೇಳಿದ್ಯೇನೋ ಜವಾದ್? ನಿಮ್ಮಪ್ಪ ಸಕ್ಕರೆ ತಗೊಂಡು ಹೋಗಿ, ಹುಡುಗೀನ ಸೊಟ್ಟ ಹಲಗೆ ನೋಡೋ ಹಾಗೆ ನೋಡಿ, ಬೇಡ ಅಂತ ಸಕ್ಕರೆ ವಾಪಸ್ ತಂದಿದಾರೆ. ನಿನಗೋಸ್ಕರ."

"ಬತೂಲಾ?" ಎಂದ ಜವಾದ್. "ಅಂಚೆ ಕಚೇರಿ ಬತೂಲಾ? ಅವಳನ್ನ ಬೇಡ ಅನ್ನೋಕೆ ನಾವ್ಯಾರಮ್ಮ?"

ಬೂಜೆಮಾ ಅವರಿಗೆ ಆಗ ಎಲ್ಲ ಅರ್ಥವಾಯಿತು. ಬಾಗಿಲು ಮುಚ್ಚಿದ್ದು ಕಡಲಗಾಳಿಯಲ್ಲ ಎಂಬುದೂ ಅರ್ಥವಾಯಿತು.

ಸೋಮವಾರ ಬೆಳಿಗ್ಗೆ, ಹುಡುಗಿಗೇ ನೇರವಾಗಿ ವಿಷಯ ಹೇಳಿಬಿಡೋಣ ಎಂದು ಅವರು ಅಂಚೆ ಕಚೇರಿಗೆ ಹೋದರು. ಯಾವತ್ತೂ ನೊಣ ಹೊಡೆಯುತ್ತಿದ್ದ ಆ ಕಚೇರಿಯಲ್ಲಿ ಅಂದು ಬಾಗಿಲಾಚೆಗೂ ಸಾಲು. ಎಲ್ಲರೂ ಒಂದೊಂದೇ ಸ್ಟಾಂಪು ಕೊಳ್ಳುತ್ತಿದ್ದರು. ಜೀವಮಾನದಲ್ಲಿ ಯಾರಿಗೂ ಕಾಗದ ಬರೆಯದ ಮುದುಕಿಯೊಬ್ಬಳು ತುದಿಗಾಲಲ್ಲಿ ನಿಂತು, ಕಿಟಕಿಯೊಳಗೆ ಕತ್ತು ತೂರಿಸಿ, ಬತೂಲಳ ಕಾಲು ನೋಡಲು ಪ್ರಯತ್ನಿಸುತ್ತಿದ್ದಳು.

"ಕಿವಿ ಎರಡೂ ಸರಿಯಾಗೇ ಇದೆ ಕಣೇ" ಎಂದಳು ಹಿಂದಿದ್ದವಳಿಗೆ. "ಕಾಲೇ ಇರ್ಬೇಕು. ಕುಂಟ್ತಾಳೇನೋ."

"ಬೆನ್ನಿರಬಹುದು. ಸುಮ್ಸುಮ್ನೆ ಯಾರಾದ್ರೂ ಸಕ್ಕರೆ ವಾಪಸ್ ಒಯ್ತಾರಾ?"

ಬತೂಲ್ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಮುದ್ರೆ ಒತ್ತುತ್ತಿದ್ದಳು. ಬೂಜೆಮಾ ಅವರ ಸರದಿ ಬಂದಾಗ ತಲೆಯೆತ್ತಿದಳು.

"ಹೇಳಿ ಚಿಕ್ಕಪ್ಪ. ಸ್ಟಾಂಪು ಬೇಕಾ? ಅಥವಾ ಇನ್ನೊಂದು ಕಣ್ಣಿಂದಲೂ ಒಂದ್ಸಲ ನೋಡ್ಬೇಕಿತ್ತಾ?"

ಮಾತು ಚುರುಕಾಗಿತ್ತು, ಆದರೆ ಮುದ್ರೆ ಕಾಗದ ತಪ್ಪಿ ಮೇಜಿನ ಮೇಲೆ ಬಿತ್ತು. ಬೂಜೆಮಾ ಬಾಯಿ ತೆರೆದರು. ಅವರ ಮೊದಲ ಪೆಟ್ಟಿಗೆಯ ಹಾಗೆ ಅದು ತೆರೆದೇ ಇತ್ತು. ಕೊನೆಗೆ ಒಂದು ಸ್ಟಾಂಪು ಕೊಂಡು ಹೊರಗೆ ಬಂದರು. ತಮ್ಮ ಒಂದು ಪೆಟ್ಟಿಗೆಯ ಹುಚ್ಚಿಗೆ ಏನೂ ತಪ್ಪು ಮಾಡದ ಹುಡುಗಿಯೊಬ್ಬಳು ಊರಿನ ಕಣ್ಣಿಗೆ ಬಿದ್ದಳಲ್ಲ ಎಂದು ಅವರಿಗೆ ನಿಜವಾಗಿ ನಾಚಿಕೆಯಾಯಿತು. ಅಂದು ಊಟ ಸೇರಲಿಲ್ಲ.

ಮರುದಿನ ಮುಕದ್ದಮ್ ಮಿಲೂದ್ ಸರ್ಕಾರದ ಪರವಾಗಿ ಮನೆಗೆ ಬಂದರು. ನಡೆದದ್ದನ್ನೆಲ್ಲ ಕೇಳಿ ಗಂಭೀರವಾಗಿ ತಲೆದೂಗಿದರು.

"ಹೋಗಿ ತಪ್ಪಾಯ್ತು ಅನ್ನಿ. ಅದೊಂದೇ ದಾರಿ."

"ಬರಿಗೈಲಿ ಹೋಗಬಹುದಾ?"

"ಎಲ್ಲಾದ್ರೂ ಉಂಟಾ? ಬರಿಗೈಲಿ ಹೋಗೋರು ಸ್ವಂತ ಮನೆಯವ್ರು. ಹೊರಗಿನೋರು ಹೋದ್ರೆ ಅವಮಾನದ ಮೇಲೆ ಅವಮಾನ. ತಪ್ಪಾಯ್ತು ಅನ್ನೋಕೆ ಸಕ್ಕರೆ ಬೇಕೇ ಬೇಕು."

"ಸಕ್ಕರೆ ತಗೊಂಡು ಹೋದ್ರೆ, ಮತ್ತೆ ಹೆಣ್ಣು ಕೇಳೋಕೆ ಹೋದ ಅಂತಾರಲ್ಲ ಜನ?"

"ಅಂತಾರೆ" ಎಂದರು ಮಿಲೂದ್. "ಮೊದಲು ನಾನೇ ಅಂತೀನಿ."

ಆಗ ಬೂಜೆಮಾ ಅವರಿಗೆ ದಾರಿ ಹೊಳೆಯಿತು. ಸಕ್ಕರೆ ಹೋಗಬೇಕು, ಬೀದಿಗೆ ಕಾಣಬಾರದು. ಅದಕ್ಕೆ ಬೇಕಾದದ್ದು ಪೆಟ್ಟಿಗೆ. ಯಾರ ಸಹಾಯವೂ ಇಲ್ಲದೆ, ಸಕ್ಕರೆ ಅಚ್ಚನ್ನೇ ಹಲಗೆಯ ಮೇಲೆ ಮಲಗಿಸಿ ಗೆರೆ ಹೊಡೆದು ಕೊಯ್ದರು. ತಪ್ಪಿತು, ಮತ್ತೆ ಕೊಯ್ದರು. ತಾಮೋ ಬೈಯುವುದನ್ನೂ ಬಿಟ್ಟು ಮೇಲಕ್ಕೆ ಚಹಾ ಕಳಿಸಿದರು. ಗುರುವಾರ ಸಂಜೆಗೆ ಪೆಟ್ಟಿಗೆ ನಿಂತಿತು. ಕೆಳಗೆ ಅಗಲ, ಮೇಲೆ ಚೂಪು, ಎದೆಯ ಮೇಲೆ ನಿಂಬೆ ಮರದ ನಕ್ಷತ್ರ. ನಕ್ಷತ್ರ ಒತ್ತಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಟಕ್ಕೆಂದು ಮುಚ್ಚುತ್ತದೆ. ಬೂಜೆಮಾ ಒತ್ತಿದರು, ಬಿಟ್ಟರು, ಒತ್ತಿದರು, ಬಿಟ್ಟರು. ಎರಡೂ ಕೆಲಸ ಮಾಡುವ ಪೆಟ್ಟಿಗೆ ಅವರ ಕೈಯಿಂದ ಹುಟ್ಟಿದ್ದು ಅದೇ ಮೊದಲು. ಮಕ್ಕಳು ಹುಟ್ಟಿದಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲ ಎಂದು ತಾಮೋ ಇಂದಿಗೂ ಹೇಳುತ್ತಾರೆ.

ಶುಕ್ರವಾರ ಕಡಲಿನಿಂದ ದಟ್ಟ ಮಂಜು ಎದ್ದು ಬೀದಿಯನ್ನೆಲ್ಲ ಒದ್ದೆ ಮಾಡಿತ್ತು. ಬೂಜೆಮಾ ಒಳಗೆ ಸಕ್ಕರೆಯಿಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಪಕ್ಕದಲ್ಲಿ ತಾಮೋ, ಕೈಯಲ್ಲಿ ಚೀಲ. ಸಕ್ಕರೆಯನ್ನು ಬರಿಗಾಗದದಲ್ಲಿ ಒಯ್ದಿದ್ದರೆ ಜನ ಒಂದು ಮಾತು ಆಡಿ ಸುಮ್ಮನಾಗುತ್ತಿದ್ದರು. ಈ ಚೂಪು ತಲೆಯ ವಸ್ತುವನ್ನು ಕಂಡು ಯಾರಿಗೂ ಸುಮ್ಮನಿರಲು ಆಗಲಿಲ್ಲ.

"ದೀಪಾನಾ ಅದು?"

"ಹಕ್ಕಿ ಗೂಡು ಇರ್ಬೇಕು."

"ಸಿ ಬೂಜೆಮಾ, ಒಳಗೇನಿದೆ?"

"ಏನೂ ಇಲ್ಲ" ಎಂದರು ಬೂಜೆಮಾ. ಅದನ್ನು ಕೇಳಿದ ಮೇಲೆ ಉಳಿದವರೂ ಚಹಾ ಬಿಟ್ಟು ಹಿಂದೆ ಬಂದರು. ಮಾಲೆಮ್ ಮನೆ ತಲುಪುವಾಗ ಅರ್ಧ ಕೇರಿ ಬಾಗಿಲ ಮುಂದಿತ್ತು. ಮಿಲೂದ್ ಎಲ್ಲರಿಗಿಂತ ಮುಂದಿದ್ದರು.

ಒಳಗೆ ಮಹ್ಜೂಬಾ ಚಹಾ ಕೊಟ್ಟರು. ಬೂಜೆಮಾ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಕಹಿ. ಆ ಊರಿನಲ್ಲಿ ಅತಿಥಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ನಮ್ಮನೇಲಿ ಸಕ್ಕರೆ ಉಳಿಯಲ್ಲ ನೋಡಿ" ಎಂದರು ಮಹ್ಜೂಬಾ. "ಬಂದದ್ದೂ ಎದ್ದು ಹೋಗುತ್ತೆ."

ಬೂಜೆಮಾ ಕಹಿ ಚಹಾವನ್ನು ಪೂರ್ತಿ ಕುಡಿದು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು. ಅಳತೆ, ಪೆಟ್ಟಿಗೆ, ಮುಚ್ಚಿದ ಒಂದು ಕಣ್ಣು. ಅಲ್ಲಾಲ್ ಮೀಸೆಯಡಿ ನಗು ತಡೆಯುತ್ತಿದ್ದರು. ಮಹ್ಜೂಬಾ ನಗಲಿಲ್ಲ.

"ಸಕ್ಕರೆಗೆ ಪೆಟ್ಟಿಗೆಯಂತೆ. ಯಾರಾದ್ರೂ ಕೇಳಿದೀರಾ? ಎಲ್ಲಿ, ತೆಗೀರಿ ನೋಡೋಣ."

ಬೂಜೆಮಾ ಹೆಮ್ಮೆಯಿಂದ ನಕ್ಷತ್ರ ಒತ್ತಿದರು. ಬಾಗಿಲು ಅಲುಗಲಿಲ್ಲ. ಮತ್ತೆ ಒತ್ತಿದರು. ಉಗುರಿನಿಂದ ಎಳೆದರು, ಬುಡಕ್ಕೆ ಗುದ್ದಿದರು, ದೇವರ ಹೆಸರು ಹೇಳಿ ಊದಿದರು. ಅಲ್ಲಾಲ್ ಕೈಗೆತ್ತಿಕೊಂಡು ಸವರಿ ನೋಡಿದರು.

"ಮಂಜು ಕುಡಿದು ಮರ ಊದಿಕೊಂಡಿದೆ. ಒಳ್ಳೆ ಬಿಸಿಲಲ್ಲಿಟ್ರೆ ತಾನೇ ಬಿಡುತ್ತೆ. ಮನೆಗೆ ತಗೊಂಡು ಹೋಗಿ."

"ಅಂದ್ರೆ, ಈ ಸಕ್ಕರೆನೂ ವಾಪಸ್ ಹೋಗುತ್ತೆ ಅನ್ನಿ" ಎಂದರು ಮಹ್ಜೂಬಾ.

ಹೊರಗೆ ಜನ ಕಾಲು ಬದಲಿಸುವ ಸದ್ದು ಕೇಳುತ್ತಿತ್ತು. ಬಾಗಿಲ ಹತ್ತಿರ ನಿಂತಿದ್ದ ಬತೂಲ್ ಆ ಕಡೆ ನೋಡಿದಳು. ನಾಳೆಯಿಂದ ಸ್ಟಾಂಪಿನ ಸಾಲು ಇನ್ನೂ ಉದ್ದವಾಗುತ್ತದೆ ಎಂದು ಅವಳ ಮುಖದಲ್ಲೇ ಬರೆದಿತ್ತು. ಬೂಜೆಮಾ ಪೆಟ್ಟಿಗೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಈ ಸಲ ಎರಡೂ ಕಣ್ಣುಗಳಿಂದ. ಆಮೇಲೆ ಚಹಾ ಹರಿವಾಣದಲ್ಲಿದ್ದ, ಸಕ್ಕರೆ ಒಡೆಯುವ ತಾಮ್ರದ ಸಣ್ಣ ಸುತ್ತಿಗೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು.

"ಒಡಿ ಮಗಳೇ."

"ಚಿಕ್ಕಪ್ಪ, ಇದು ಚೆನ್ನಾಗಿದೆ."

"ಗೊತ್ತು. ನಾನು ಮಾಡಿದ್ರಲ್ಲಿ ಚೆನ್ನಾಗಿರೋದು ಇದೊಂದೇ. ಒಡಿ."

ಬತೂಲ್ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಕತ್ತು ವಾರೆ ಮಾಡಿದಳು, ಒಂದು ಕಣ್ಣು ಮುಚ್ಚಿದಳು, ಪೆಟ್ಟಿಗೆಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡಿದಳು. ಅಲ್ಲಾಲ್ ಇನ್ನು ತಡೆಯಲಾರದೆ ಗಟ್ಟಿಯಾಗಿ ನಕ್ಕರು. ಸುತ್ತಿಗೆ ಬಿತ್ತು. ಪೆಟ್ಟಿಗೆ ಉದ್ದಕ್ಕೆ ಸೀಳಿತು, ಒಳಗಿದ್ದ ಸಕ್ಕರೆ ಉರುಳಿ ಬಂತು.

ಅವಳು ಅಲ್ಲೇ ಕಾಗದ ಬಿಡಿಸಿ, ಸಕ್ಕರೆ ಒಡೆದು, ದೊಡ್ಡ ದೊಡ್ಡ ತುಂಡುಗಳನ್ನು ಚಹಾ ಪಾತ್ರೆಗೆ ಹಾಕಿದಳು. "ಎಲ್ರೂ ಕುಡೀರಿ" ಎಂದಳು. "ಹೊಟ್ಟೆಗೆ ಹೋದದ್ದನ್ನ ಯಾರೂ ವಾಪಸ್ ಒಯ್ಯೋಕಾಗಲ್ಲ." ಮಹ್ಜೂಬಾ ಮೊದಲ ಲೋಟವನ್ನು ತಾವೇ ಬೂಜೆಮಾ ಅವರ ಮುಂದೆ ಇಟ್ಟರು.

ಅಲ್ಲಾಲ್ ಚೂರುಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಸಿ ಬೂಜೆಮಾ, ಇಲ್ಲಿ ನೋಡಿ. ಮರ ಸೀಳಿದೆ, ನಿಮ್ಮ ಜೋಡಣೆ ಬಿಟ್ಟಿಲ್ಲ." ಬೂಜೆಮಾ ಅವರ ಕಣ್ಣು ತುಂಬಿತು. ಅವರು ಅದನ್ನು ಮುಚ್ಚಿಡಲೂ ಇಲ್ಲ. ತಾಮೋ ಚೀಲಕ್ಕೆ ಕೈಹಾಕಿ ಹಳೆಯ ಪೆಟ್ಟಿಗೆಯೊಂದನ್ನು ಹೊರತೆಗೆದರು. ಅಲುಗಾಡಿಸಿದರೆ ಸದ್ದು ಬರುವ ಪೆಟ್ಟಿಗೆ.

"ಸುತ್ತಿಗೆ ಕೈಲಿರುವಾಗ್ಲೇ ಇದಕ್ಕೂ ಒಂದು ಕೊಡಮ್ಮ."

ಅವರು ಹೊರಗೆ ಬಂದಾಗ ಕೇರಿ ಕಣ್ಣರಳಿಸಿ ನೋಡಿತು. ಬೂಜೆಮಾ ಅವರ ಕೈ ಖಾಲಿಯಾಗಿತ್ತು, ತಾಮೋ ಅವರ ಎರಡೂ ಕಿವಿಯಲ್ಲಿ ಓಲೆ ಇತ್ತು.

"ಪೆಟ್ಟಿಗೆ ಎಲ್ಲಿ?" ಎಂದು ಕೇಳಿದರು ಮಿಲೂದ್.

"ಒಡೆದ್ವಿ."

"ಒಳಗೇನಿತ್ತು?"

"ಕುಡಿದ್ವಿ."

ಮಿಲೂದ್ ಆ ವಾರವೆಲ್ಲ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಂಚೆ ಕಚೇರಿಯ ಸಾಲು ಮಾತ್ರ ಕರಗಿಹೋಯಿತು. ಸಕ್ಕರೆ ಆ ಮನೆಯಲ್ಲೇ ಉಳಿಯಿತು ಎಂದ ಮೇಲೆ ಹುಡುಗಿಯ ಕಾಲಿನ ಮೇಲೆ ಜನರಿಗೆ ಆಸಕ್ತಿ ಉಳಿಯಲಿಲ್ಲ.

ಇನ್ನು ಮೇಲೆ ಪ್ರತಿ ಶುಕ್ರವಾರ ಬಂದು ಕೆಲಸ ಕಲಿಯಿರಿ ಎಂದು ಅಲ್ಲಾಲ್ ಕರೆದಿದ್ದರು. ಮಹ್ಜೂಬಾ ಒಂದು ಷರತ್ತು ಹಾಕಿದ್ದರು: ಕೈಯಲ್ಲಿ ಏನನ್ನೂ ಹಿಡಿದು ಬರಕೂಡದು. ಬೂಜೆಮಾ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಚಹಾದಂಗಡಿಯ ಮುಂದೆ ಬಂದಾಗ ಎರಡೂ ಅಂಗೈ ಬಿಡಿಸಿ ಎಲ್ಲರಿಗೂ ತೋರಿಸಿ, "ನೋಡಿ, ಏನೂ ಇಲ್ಲ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಇನ್ನು ಯಾರೂ ತಪ್ಪು ತಿಳಿಯುವ ಹಾಗಿಲ್ಲ ಎಂದು ಅವರ ಮನಸ್ಸಿಗೆ ನೆಮ್ಮದಿ.

ಮಿಲೂದ್ ಒಂದೆರಡು ಶುಕ್ರವಾರ ಸುಮ್ಮನೆ ನೋಡಿದರು. ಆಮೇಲೆ ಲೋಟ ಕೆಳಗಿಟ್ಟರು.

"ಬರಿಗೈಲಿ ಹೋಗ್ತಾರೆ, ಬರಿಗೈಲಿ ಬರ್ತಾರೆ" ಎಂದರು ಸುತ್ತಲಿದ್ದವರಿಗೆ. "ಒಂದು ಮನೆಗೆ ಬರಿಗೈಲಿ ಯಾರು ಹೋಗ್ತಾರೆ? ಸ್ವಂತದವ್ರು. ನಮಗೆ ಹೇಳದೆ ಎಲ್ಲಾ ಮುಗಿಸಿಬಿಟ್ಟಿದಾರೆ."

ಅಂದು ಸಂಜೆ ಜವಾದ್ ಬಂದರಿನಿಂದ ಬಂದಾಗ ಅವನ ಹೆಗಲ ಮೇಲೆ ತೋಳುದ್ದದ ಹಾವುಮೀನು ಜೋತಾಡುತ್ತಿತ್ತು. ಬೂಜೆಮಾ ಹೌಹಾರಿ, ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳಿ ಬರುತ್ತೇನೆಂದು ಚಪ್ಪಲಿ ಹುಡುಕತೊಡಗಿದರು. ಜವಾದ್ ಮೆಲ್ಲಗೆ ಅಪ್ಪನ ಚಪ್ಪಲಿಯನ್ನು ಕಾಲಿನಿಂದ ಮಂಚದಡಿ ತಳ್ಳಿ, ಮೀನನ್ನು ಅಡುಗೆಮನೆಗೆ ಒಯ್ದ.

"ಅಮ್ಮಾ, ಬೇಗ ಒಲೆ ಹಚ್ಚು" ಎಂದ. "ವಾಪಸ್ ಕೇಳೋಕೆ ಬರೋದ್ರೊಳಗೆ ತಿಂದುಬಿಡೋಣ."